ಗಲ್ಲಾದ ಲೆಕ್ಕ ತಾಳೆಯಾಗದಿದ್ದಾಗ: ಕ್ಯಾಶ್‌ನಲ್ಲಿ ಕೂರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಹಂಪನಕಟ್ಟೆಯ ಜವಳಿ ಮಳಿಗೆಯಾಗಲಿ, ಬಿಜೈ ಕಡೆಯ ಮಾಲ್‌ನೊಳಗಿನ ಸೂಪರ್‌ಮಾರ್ಕೆಟ್ ಆಗಲಿ, ಉಡುಪಿ ರಥಬೀದಿಯ ಆಸುಪಾಸಿನ ಅಂಗಡಿಯಾಗಲಿ, ರಾತ್ರಿ ಶಟರ್ ಅರ್ಧ ಇಳಿದ ಮೇಲೆ ಎಲ್ಲ ಕಡೆಯೂ ನಡೆಯುವ ಕೆಲಸ ಒಂದೇ. ಕಂಪ್ಯೂಟರ್ ಒಂದು ಮೊತ್ತವನ್ನು ಹೇಳುತ್ತದೆ, ಗಲ್ಲಾದಲ್ಲಿರುವ ನೋಟುಗಳು ಇನ್ನೊಂದನ್ನು ಹೇಳುತ್ತವೆ. 180 ರೂಪಾಯಿ ಕಡಿಮೆ. ಮ್ಯಾನೇಜರ್ ಮುಖ ಎತ್ತಿ ನೋಡುತ್ತಾರೆ, ಕ್ಯಾಶ್‌ನಲ್ಲಿ ಕೂತವರು ತಲೆ ತಗ್ಗಿಸುತ್ತಾರೆ, ಯಾರೂ ಏನನ್ನೂ ಹುಡುಕದೆಯೇ ತೀರ್ಮಾನವಾಗಿಬಿಡುತ್ತದೆ. ಬಂಟ್ವಾಳಕ್ಕೋ ಕಾರ್ಕಳಕ್ಕೋ ಹೋಗುವ ಕೊನೆಯ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಆಕೆ ತನ್ನ ಪರ್ಸ್‌ನಿಂದಲೇ ಹಣ ತೆಗೆದು ಹಾಕಿ, ಹಾಳೆಗೆ ಸಹಿ ಮಾಡಿ ಓಡುತ್ತಾಳೆ.

ಕೆಲವು ವರ್ಷ ಕ್ಯಾಶ್‌ನಲ್ಲಿ ಕೂತು, ಆಮೇಲೆ ಅದೇ ಲೆಕ್ಕಗಳನ್ನು ಪರಿಶೀಲಿಸುವ ಕುರ್ಚಿಗೆ ಬಂದವನು ನಾನು. ಎರಡೂ ಕಡೆ ಕೂತು ನೋಡಿದ್ದರಿಂದ ಒಂದು ವಿಷಯ ಸ್ಪಷ್ಟವಾಗಿದೆ: ಕೊರತೆ ಎಂಬುದು ಮೊದಲಿಗೆ ಗಲ್ಲಾದ ಸ್ಥಿತಿಯ ಬಗೆಗಿನ ಮಾಹಿತಿ ಮಾತ್ರ, ಅದು ಯಾರ ತಪ್ಪು ಎನ್ನುವುದು ಹುಡುಕಿದ ಮೇಲೆ ತಿಳಿಯಬೇಕಾದ ಸಂಗತಿ. ಆ ಹುಡುಕಾಟ ಸಾಧ್ಯವಾಗಬೇಕಾದರೆ ಕ್ಯಾಶಿಯರ್ ಬಳಿ ಆಯಾ ಹೊತ್ತಿನಲ್ಲೇ ಬರೆದಿಟ್ಟ ಕಾಗದವಿರಬೇಕು. ಆಮೇಲೆ ನೆನಪಿನಿಂದ ಹೇಳಿದ ಮಾತು ಎಷ್ಟೇ ನಿಜವಾದರೂ ನೆಪದಂತೆ ಕೇಳಿಸುತ್ತದೆ.

ಮೊದಲು ಸೂತ್ರವನ್ನು ತಿಳಿದುಕೊಳ್ಳಿ

ದಿನದ ಕೊನೆಯಲ್ಲಿ ಗಲ್ಲಾದಲ್ಲಿ ಎಷ್ಟಿರಬೇಕು ಎಂಬುದು ಕಂಪ್ಯೂಟರ್ ಮಾತ್ರ ಬಲ್ಲ ರಹಸ್ಯವಲ್ಲ. ಬೆಳಿಗ್ಗೆ ಕೊಟ್ಟ ಚಿಲ್ಲರೆ ಹಣಕ್ಕೆ ನಗದು ಮಾರಾಟವನ್ನು ಕೂಡಿಸಿ, ಗ್ರಾಹಕರಿಗೆ ನಗದಾಗಿ ಹಿಂದಿರುಗಿಸಿದ್ದನ್ನು, ಗಲ್ಲಾದಿಂದ ಮಾಡಿದ ಸಣ್ಣಪುಟ್ಟ ಖರ್ಚನ್ನು ಮತ್ತು ನಡುವೆ ತಿಜೋರಿಗೆ ಒಪ್ಪಿಸಿದ ಹಣವನ್ನು ಕಳೆದರೆ ಉಳಿಯುವುದೇ ಆ ಮೊತ್ತ. ಒಂದು ಉದಾಹರಣೆ: ಆರಂಭದ ಚಿಲ್ಲರೆ 2,000, ನಗದು ಮಾರಾಟ 38,465, ಹಿಂದಿರುಗಿಸಿದ್ದು 640, ಕುಡಿಯುವ ನೀರಿನ ಕ್ಯಾನು ಮತ್ತು ರಿಕ್ಷಾ ಬಾಡಿಗೆಗೆ 180, ಮಧ್ಯಾಹ್ನ ತಿಜೋರಿಗೆ ಕೊಟ್ಟದ್ದು 25,000. ಹಾಗಾದರೆ ಗಲ್ಲಾದಲ್ಲಿ 14,645 ರೂಪಾಯಿ ಇರಬೇಕು. ಈ ಐದು ಅಂಕಿಗಳಲ್ಲಿ ಯಾವುದು ತಪ್ಪಿದರೂ ಕೊರತೆ ಕಾಣಿಸುತ್ತದೆ, ಆದರೆ ಆ ಐದರಲ್ಲಿ ನಿಮ್ಮೊಬ್ಬರ ಕೈಯಲ್ಲೇ ಇರುವಂಥವು ಕಡಿಮೆ. ತಿಜೋರಿಗೆ ಒಪ್ಪಿಸಿದ ಹಣವನ್ನು ಇನ್ನೊಬ್ಬರು ಎಣಿಸಿ ಬರೆದುಕೊಂಡಿರುತ್ತಾರೆ, ರಿಟರ್ನ್ ಬಿಲ್ಲನ್ನು ಸೂಪರ್‌ವೈಸರ್ ಅನುಮೋದಿಸಿರುತ್ತಾರೆ. ಯಾರಾದರೂ ‘ಶಾರ್ಟ್ ಬಂದಿದೆ’ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಐದರಲ್ಲಿ ಯಾವುದನ್ನು ಪರಿಶೀಲಿಸಿದ್ದೀರಿ ಎಂಬುದು.

ಕೂರುವ ಮೊದಲು

ಬೆಳಿಗ್ಗೆ ಕೊಡುವ ಚಿಲ್ಲರೆಯ ಪೊಟ್ಟಣವನ್ನು ಕೊಟ್ಟವರ ಎದುರಿನಲ್ಲೇ ಎಣಿಸಿ. ‘ನಿನ್ನೆ ರಾತ್ರಿಯೇ ಎಣಿಸಿಟ್ಟದ್ದು, ಸರಿಯಾಗಿದೆ’ ಎನ್ನುವ ಮಾತನ್ನು ನಯವಾಗಿಯೇ ಒಪ್ಪದಿರಿ. ‘ಸರ್, ನನಗೊಂದು ಸಮಾಧಾನಕ್ಕೆ ಎಣಿಸಿಕೊಳ್ಳುತ್ತೇನೆ’ ಎಂದರೆ ಯಾರೂ ಬೇಸರಪಡುವುದಿಲ್ಲ. ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳು ಗಾತ್ರದಲ್ಲಿ ಹತ್ತಿರ ಹತ್ತಿರ ಇರುವುದರಿಂದ ನಾಣ್ಯದ ಪೊಟ್ಟಣವನ್ನು ಬಿಚ್ಚಿಯೇ ನೋಡಬೇಕು. ಬೆಳಗಿನ ಪೊಟ್ಟಣದಲ್ಲಿ 20 ರೂಪಾಯಿ ಕಡಿಮೆಯಿದ್ದರೆ ಆ ಹೊತ್ತಿನಲ್ಲಿ ಅದು ಕೊಟ್ಟವರ ಲೆಕ್ಕ, ರಾತ್ರಿಯಾದ ಮೇಲೆ ನಿಮ್ಮ ಲೆಕ್ಕ.

ಅನಂತರ ಬಿಲ್ಲಿಂಗ್ ಯಂತ್ರಕ್ಕೆ ನಿಮ್ಮದೇ ಹೆಸರು ಮತ್ತು ಪಾಸ್‌ವರ್ಡ್‌ನಿಂದ ಪ್ರವೇಶಿಸಿ. ಹಿಂದಿನ ಪಾಳಿಯವರ ಹೆಸರಿನಲ್ಲೇ ಬಿಲ್ ಮುಂದುವರಿಸುವುದು, ಊಟಕ್ಕೆ ಹೋದಾಗ ನಿಮ್ಮ ಹೆಸರಿನಲ್ಲೇ ಇನ್ನೊಬ್ಬರನ್ನು ಕೂರಿಸುವುದು, ಪಾಸ್‌ವರ್ಡನ್ನು ಕೀಬೋರ್ಡಿನ ಅಡಿಯಲ್ಲಿ ಬರೆದು ಅಂಟಿಸುವುದು, ಇವೆಲ್ಲ ನಮ್ಮ ಅಂಗಡಿಗಳಲ್ಲಿ ಎಷ್ಟು ಸಹಜವಾಗಿವೆಯೆಂದರೆ ಬೇಡವೆಂದವರೇ ಅಹಂಕಾರಿಗಳಾಗಿ ಕಾಣುತ್ತಾರೆ. ಆದರೂ ಬೇಡವೆನ್ನಿ. ಮೂವರು ಕೈ ಹಾಕಿದ ಗಲ್ಲಾದ ಕೊರತೆಯನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ಮುಂದೊಂದು ದಿನ ವಾದಿಸಬೇಕಾದರೆ, ಮೂವರು ಕೈ ಹಾಕಿದ್ದಕ್ಕೆ ದಾಖಲೆ ಬೇಕು. ಅಂಗಡಿಯಲ್ಲಿ ಒಂದೇ ಗಲ್ಲಾ ಇದ್ದು ಹಂಚಿಕೊಳ್ಳುವುದು ಅನಿವಾರ್ಯವಾದರೆ, ಕೈ ಬದಲಾಗುವ ಪ್ರತಿ ಸಲ ಎಣಿಸಿ ಇಬ್ಬರೂ ಸಹಿ ಮಾಡುವ ಒಂದು ಪುಸ್ತಕವನ್ನಾದರೂ ಇಡಿಸಿ.

ನಿಮ್ಮದೇ ಆದ ಒಂದು ಕಿರುಪುಸ್ತಕವನ್ನೂ ಇಟ್ಟುಕೊಳ್ಳಿ. ದಿನಾಂಕ, ಕೌಂಟರ್ ಸಂಖ್ಯೆ, ಆರಂಭದ ಚಿಲ್ಲರೆ, ತಿಜೋರಿಗೆ ಒಪ್ಪಿಸಿದ ಹೊತ್ತು ಮತ್ತು ಮೊತ್ತ, ಎದ್ದು ಹೋದ ಹೊತ್ತು, ಆಗ ಕೂತವರ ಹೆಸರು, ರಾತ್ರಿಯ ವ್ಯತ್ಯಾಸ, ಇಷ್ಟು ಸಾಕು. ಅಂಗಡಿಯ ವರದಿಗಳ ಚಿತ್ರ ತೆಗೆದು ಹೊರಗಿನವರಿಗೆ ಕಳುಹಿಸುವ ಕೆಲಸಕ್ಕೆ ಕೈ ಹಾಕಬೇಡಿ, ಅದರಿಂದಲೇ ಬೇರೊಂದು ಆರೋಪ ಹುಟ್ಟಿಕೊಳ್ಳುತ್ತದೆ.

ದಿನವಿಡೀ ಕೈ ಮತ್ತು ಬಾಯಿ

ಗ್ರಾಹಕರು ಕೊಟ್ಟ ನೋಟಿನ ಮೌಲ್ಯವನ್ನು ಬಾಯಿಬಿಟ್ಟು ಹೇಳಿ: ‘ಐನೂರು ಕೊಟ್ಟಿದ್ದೀರಿ.’ ಚಿಲ್ಲರೆ ಅವರ ಕೈ ಸೇರುವವರೆಗೆ ಆ ನೋಟನ್ನು ಗಲ್ಲಾದ ಒಳಗೆ ಸೇರಿಸದೆ ಮೇಲ್ಭಾಗದಲ್ಲಿ ಅಡ್ಡಲಾಗಿ ಇಡಿ. ‘ನಾನು ಐನೂರು ಕೊಟ್ಟದ್ದು, ನೀವು ಇನ್ನೂರಕ್ಕೆ ಚಿಲ್ಲರೆ ಕೊಟ್ಟಿರಿ’ ಎಂಬ ಜಗಳ ಇದೊಂದರಿಂದಲೇ ಬಹುಪಾಲು ನಿಲ್ಲುತ್ತದೆ. ನೀವು ಚಿಲ್ಲರೆ ಎಣಿಸಲು ಆರಂಭಿಸಿದ ಮೇಲೆ ‘ತಡೆಯಿರಿ, ನನ್ನಲ್ಲಿ ಮೂವತ್ತು ಇದೆ, ಆ ನೂರು ವಾಪಸು ಕೊಡಿ’ ಎಂದು ನಡುವೆ ಲೆಕ್ಕ ಬದಲಿಸುವವರು ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ, ಕೆಲವರು ಅಲ್ಲ. ಯಾರೇ ಆದರೂ ಮೊದಲಿನ ವ್ಯವಹಾರವನ್ನು ಪೂರ್ತಿ ಮುಗಿಸಿ, ಗಲ್ಲಾ ಮುಚ್ಚಿ, ಆಮೇಲೆ ನೋಟು ಬದಲಾಯಿಸಿ ಕೊಡಿ.

ನಮ್ಮ ಊರಿನ ಕೌಂಟರುಗಳಿಗೆ ಇನ್ನೊಂದು ವಿಶೇಷವಿದೆ. ಒಂದೇ ಗಂಟೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ತುಳುವಿನ ‘ಎಳ್ಪ’ ಎಪ್ಪತ್ತು, ‘ಎಣ್ಪ’ ಎಂಬತ್ತು. ಗದ್ದಲದಲ್ಲಿ ಇವೆರಡನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದು ತುಳುವರಿಗೇ ಕಷ್ಟ. ಮೊತ್ತವನ್ನು ಬಾಯಲ್ಲಿ ಹೇಳುವುದರ ಜೊತೆಗೆ ಗ್ರಾಹಕರ ಕಡೆಗಿರುವ ಪರದೆಯನ್ನು ತೋರಿಸುವ ಅಭ್ಯಾಸ ಒಳ್ಳೆಯದು. ಹತ್ತು ರೂಪಾಯಿಯ ಕೊರತೆಗಳಲ್ಲಿ ಕೆಲವಕ್ಕಾದರೂ ಕಾರಣ ಕಿವಿ.

ಬಣ್ಣವೂ ಮೋಸ ಮಾಡುತ್ತದೆ. 2017ರಲ್ಲಿ ಬಂದ 200 ರೂಪಾಯಿಯ ನೋಟು ಹಳದಿ, 2019ರಲ್ಲಿ ಬಂದ 20 ರೂಪಾಯಿಯದು ಹಸಿರು ಮಿಶ್ರಿತ ಹಳದಿ. ಮಡಚಿ ಕೊಟ್ಟಾಗ, ಅದರಲ್ಲೂ ಹಳದಿ ದೀಪದ ಕೆಳಗೆ, ಒಂದನ್ನು ಇನ್ನೊಂದೆಂದು ತಿಳಿಯುವುದು ತೀರಾ ಸುಲಭ. ಗಲ್ಲಾದ ಖಾನೆಗಳಲ್ಲಿ ಇವೆರಡನ್ನು ಅಕ್ಕಪಕ್ಕ ಇಡಬೇಡಿ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲದಲ್ಲಿ ಬರುವ ನೋಟುಗಳ ಕಥೆ ಬೇರೆಯೇ. ಮೀನು ಮಾರುಕಟ್ಟೆಗೆ ಹೋಗಿ ಬಂದವರು, ಕೊಡೆ ಮಡಚಿ ಒಳಗೆ ಬಂದವರು ಕೊಡುವ ಒದ್ದೆ ನೋಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತರ ಎರಡು ನೋಟುಗಳು ಒಂದಾಗಿ ಹೊರಟುಹೋದರೆ ಯಾವ ಗ್ರಾಹಕರಿಗೂ ಗೊತ್ತಾಗದು. ಮಳೆಗಾಲದಲ್ಲಿ ನೋಟನ್ನು ಬೆರಳಿನಿಂದ ತಿಕ್ಕಿ ಬೇರ್ಪಡಿಸಿಯೇ ಕೊಡಿ, ಒದ್ದೆಯಾದವನ್ನು ಗಲ್ಲಾದಲ್ಲೇ ಪ್ರತ್ಯೇಕವಾಗಿ ಹರಡಿ ಇಡಿ.

ಪಕ್ಕದ ಕೌಂಟರಿಗೆ ಚಿಲ್ಲರೆ ಕೊಡುವಾಗ ಇಬ್ಬರೂ ಎಣಿಸಬೇಕು. ಗಲ್ಲಾದಿಂದ ಖರ್ಚಿಗೆ ಹಣ ಕೇಳಿದವರು ಮಾಲೀಕರೇ ಆಗಿದ್ದರೂ ಚೀಟಿ ಬೇಕು. ‘ಧಣಿಗಳು ಕೇಳಿದರು, ಕೊಟ್ಟೆ’ ಎಂಬುದು ರಾತ್ರಿಯ ಹೊತ್ತಿಗೆ ಧಣಿಗಳಿಗೂ ಮರೆತುಹೋಗಿರುತ್ತದೆ. ಚೀಟಿ ಕೇಳಲು ಸಂಕೋಚವಾದರೆ ನೀವೇ ಬರೆದು, ‘ಇಲ್ಲೊಂದು ಸಹಿ ಹಾಕಿ ಸರ್’ ಎಂದು ಮುಂದಿಡಿ.

ಚಿಲ್ಲರೆಯಿಲ್ಲದೆ ಗ್ರಾಹಕರಿಗೆ ಒಂದೆರಡು ರೂಪಾಯಿ ಕೊಡದೆ ಬಿಡುವುದು ಅಥವಾ ಚಾಕೊಲೇಟ್ ಕೊಡುವುದು ಸಣ್ಣ ವಿಷಯವೆನಿಸಿದರೂ ಲೆಕ್ಕಕ್ಕೆ ಅದು ಕಸ. ಗಲ್ಲಾದಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚುವರಿ ಸೇರಿಕೊಂಡು, ನಿಜವಾದ ಕೊರತೆಯೊಂದನ್ನು ಮುಚ್ಚಿಬಿಡುತ್ತದೆ. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲವೆಂದು ನಿರಾಕರಿಸುವುದೂ ಬೇಡ. ಬೇರೆ ಬೇರೆ ವಿನ್ಯಾಸದ ಆ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಯುಪಿಐ ಎಂಬ ಹೊಸ ಕೊರತೆ

ಹಿಂದೆ ನಾವು ಕಂಡಿರದ ಒಂದು ಬಗೆಯ ವ್ಯತ್ಯಾಸ ಈಗ ಸಾಮಾನ್ಯವಾಗಿದೆ. ಗ್ರಾಹಕರು ಮೊದಲು ‘ಕ್ಯಾಶ್’ ಎಂದರು, ನೀವು ನಗದು ಎಂದು ಬಿಲ್ ಮುಗಿಸಿದಿರಿ, ಅಷ್ಟರಲ್ಲಿ ಅವರು ಮನಸ್ಸು ಬದಲಿಸಿ ಮೊಬೈಲ್‌ನಿಂದ ಪಾವತಿಸಿದರು. ಹಣ ಅಂಗಡಿಯ ಬ್ಯಾಂಕ್ ಖಾತೆಗೆ ಸೇರಿದೆ, ಗಲ್ಲಾದಲ್ಲಿ ಮಾತ್ರ ಕೊರತೆ. ಇದರ ಗುರುತು ಸುಲಭ: ಕೊರತೆಯ ಮೊತ್ತ 347 ಅಥವಾ 1,218ರಂತೆ ಇರುತ್ತದೆ ಮತ್ತು ಆ ದಿನದ ಯಾವುದೋ ಒಂದು ಬಿಲ್ಲಿನ ಮೊತ್ತಕ್ಕೆ ಸರಿಯಾಗಿ ಹೊಂದುತ್ತದೆ. ನೋಟು ಅದಲುಬದಲಾದರೆ ಹತ್ತರಿಂದ ಭಾಗವಾಗದ ಇಂಥ ಅಂಕಿ ಬರುವುದಿಲ್ಲ. ಹೀಗಾದಾಗ ಆ ದಿನದ ಬಿಲ್‌ಗಳ ಪಟ್ಟಿಯಲ್ಲಿ ಆ ಮೊತ್ತವನ್ನು ಹುಡುಕಿಸಿ, ಅದೇ ಹೊತ್ತಿಗೆ ಬ್ಯಾಂಕಿನ ಪಟ್ಟಿಯಲ್ಲಿ ಅಷ್ಟೇ ಮೊತ್ತದ ಪಾವತಿ ಇದೆಯೇ ಎಂದು ನೋಡಲು ಹೇಳಿ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ, ಆದ್ದರಿಂದ ಇದು ಊಹೆಯಾಗಿ ಉಳಿಯಬೇಕಾಗಿಲ್ಲ.

ಇದರ ವಿರುದ್ಧ ದಿಕ್ಕಿನದು ನಕಲಿ ಪಾವತಿಯ ಚಿತ್ರ ತೋರಿಸಿ ಹೋಗುವವರ ಕಾಟ. ಗ್ರಾಹಕರ ಮೊಬೈಲ್ ಪರದೆ ಪುರಾವೆಯಲ್ಲ, ಅಂಗಡಿಯ ಧ್ವನಿಪೆಟ್ಟಿಗೆ (ಸೌಂಡ್‌ಬಾಕ್ಸ್) ಅಥವಾ ಅಂಗಡಿಯದೇ ಮೊಬೈಲ್ ದೃಢಪಡಿಸಬೇಕು. ಅಂಗಡಿಯ ಮೊಬೈಲ್ ಮಾಲೀಕರ ಕಿಸೆಯಲ್ಲೇ ಇದ್ದು ಕೌಂಟರಿನವರಿಗೆ ನೋಡುವ ದಾರಿಯೇ ಇಲ್ಲದಿದ್ದರೆ, ಅದನ್ನು ಮೊದಲೇ ಒಂದು ಸಾಲಿನಲ್ಲಿ ಬರೆದು ತಿಳಿಸಿಡಿ.

ರಾತ್ರಿ ಎಣಿಸುವಾಗ

ಕಂಪ್ಯೂಟರ್ ಎಷ್ಟು ಹೇಳುತ್ತದೆ ಎಂಬುದನ್ನು ನೋಡುವ ಮೊದಲೇ ಎಣಿಸಿ. ಉತ್ತರ ತಿಳಿದುಕೊಂಡು ಎಣಿಸಿದರೆ ಕೈ ಉತ್ತರದ ಕಡೆಗೇ ಎಣಿಸುತ್ತದೆ. ಪ್ರತಿ ಮೌಲ್ಯದ ನೋಟುಗಳು ಎಷ್ಟೆಷ್ಟು ಎಂದು ಬಿಡಿಬಿಡಿಯಾಗಿ ಬರೆದು ಗುಣಿಸಿ ಕೂಡಿಸಿ. ಬರೀ ಒಟ್ಟು ಮೊತ್ತ ಬರೆದ ಹಾಳೆ ಮರುದಿನ ಯಾರಿಗೂ ಪ್ರಯೋಜನವಿಲ್ಲ. ಎಣಿಕೆ ಇಬ್ಬರ ಎದುರಿನಲ್ಲಿ ಆಗಬೇಕು. ‘ನೀವು ಹೋಗಿ, ನಾನು ಎಣಿಸಿಕೊಳ್ಳುತ್ತೇನೆ’ ಎಂದು ಸೂಪರ್‌ವೈಸರ್ ಕರುಣೆಯಿಂದಲೇ ಹೇಳಿದರೂ, ನೀವಿಲ್ಲದೆ ಎಣಿಸಿದ ಗಲ್ಲಾಕ್ಕೆ ನೀವು ಹೊಣೆಯಾಗಬಾರದು. ಬಸ್ಸಿನ ಸಮಯ ನಿಜವಾದ ಸಮಸ್ಯೆಯೇ, ಅದಕ್ಕೆ ಪರಿಹಾರ ನಿಮ್ಮ ಕೌಂಟರನ್ನು ಹದಿನೈದು ನಿಮಿಷ ಮುಂಚೆ ಮುಚ್ಚಿಸುವುದು. ಎಣಿಸುವ ಹೊತ್ತೂ ಕೆಲಸದ ಹೊತ್ತೇ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿಯ ಪರ್ಯಾಯ ಉತ್ಸವದಂತಹ ದಿನಗಳಲ್ಲಿ, ದಸರಾದ ನೂಕುನುಗ್ಗಲಿನಲ್ಲಿ, ಹಣವನ್ನು ರಾತ್ರಿಯವರೆಗೆ ಗುಡ್ಡೆ ಹಾಕಿಕೊಳ್ಳದೆ ದಿನಕ್ಕೆ ಮೂರು ನಾಲ್ಕು ಬಾರಿ ತಿಜೋರಿಗೆ ಒಪ್ಪಿಸಿ ರಸೀದಿ ಪಡೆಯಿರಿ.

ವ್ಯತ್ಯಾಸದ ಅಂಕಿಯನ್ನು ಓದುವುದು

ಕೊರತೆಯ ಮೊತ್ತಕ್ಕೆ ಬಾಯಿದೆ, ಕೇಳಿಸಿಕೊಳ್ಳಲು ಕಲಿಯಬೇಕು. ಹಳೆಯ ಕಾಲದ ಗುಮಾಸ್ತರಿಗೆ ಇದು ಬಾಯಿಪಾಠವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಯಾರೂ ಹೇಳಿಕೊಡುವುದಿಲ್ಲ.

ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲೋ ಎರಡು ಅಂಕಿಗಳು ಸ್ಥಾನ ಬದಲಿಸಿಕೊಂಡಿರುವ ಸಾಧ್ಯತೆಯಿದೆ. 63 ಎಂದು ಬರೆಯಬೇಕಾದಲ್ಲಿ 36 ಎಂದು ಬರೆದರೆ ವ್ಯತ್ಯಾಸ 27, 540ರ ಬದಲು 450 ಬರೆದರೆ 90. ವ್ಯತ್ಯಾಸವನ್ನು ಅರ್ಧ ಮಾಡಿದಾಗ ಬರುವ ಮೊತ್ತದ ಚೀಟಿಯೊಂದು ಆ ದಿನ ಇದ್ದರೆ, ಅದನ್ನು ಕಳೆಯುವ ಬದಲು ಕೂಡಿಸಿರಬಹುದು. ಇನ್ನು ನೋಟುಗಳ ಅದಲುಬದಲು ತನ್ನದೇ ಗುರುತು ಬಿಡುತ್ತದೆ: 500 ಮತ್ತು 100ರ ನಡುವೆ ತಪ್ಪಿದರೆ 400, 500 ಮತ್ತು 200ರ ನಡುವೆ 300, 200 ಮತ್ತು 20ರ ನಡುವೆ 180, 100 ಮತ್ತು 10ರ ನಡುವೆ 90, 50 ಮತ್ತು 10ರ ನಡುವೆ 40.

ಮೇಲಿನ ಉದಾಹರಣೆಗೇ ಮರಳೋಣ. ಇರಬೇಕಾದದ್ದು 14,645, ಹಾಳೆಯಲ್ಲಿ ಬರೆದದ್ದು 14,465, ಕೊರತೆ 180. ಮೊದಲು ನೋಡಬೇಕಾದದ್ದು ಬರವಣಿಗೆ: 6 ಮತ್ತು 4 ಸ್ಥಾನ ಬದಲಿಸಿಕೊಂಡಿಲ್ಲವಷ್ಟೇ? ಆಗ ಹಣ ಸರಿಯಾಗಿಯೇ ಇದೆ, ಹಾಳೆ ಮಾತ್ರ ತಪ್ಪು. ಅದಲ್ಲದಿದ್ದರೆ, 20 ಕೊಡಬೇಕಾದಲ್ಲಿ 200ರ ನೋಟು ಹೋಗಿರಬಹುದು. ಇಲ್ಲವೇ 90 ರೂಪಾಯಿಯ ರಿಟರ್ನ್ ಬಿಲ್ಲನ್ನು ಮಾರಾಟವೆಂದು ಒತ್ತಿರಬಹುದು, ಆಗ ಕಳೆಯಬೇಕಾದ 90 ಕೂಡಿಕೊಂಡು ಕೊರತೆ 180 ಆಗುತ್ತದೆ. ಇಲ್ಲವೇ ಚೀಟಿಯಿಲ್ಲದೆ ಖರ್ಚಿಗೆ ಹೋದ ಹಣವಿರಬಹುದು. ಒಂದೇ ಮೊತ್ತಕ್ಕೆ ನಾಲ್ಕು ಕಾರಣಗಳು, ಅವುಗಳಲ್ಲಿ ಕ್ಯಾಶಿಯರ್ ತಪ್ಪಾಗಿ ಹಣ ಕೊಟ್ಟದ್ದು ಒಂದರಲ್ಲಿ ಮಾತ್ರ. ಈ ಹುಡುಕಾಟಕ್ಕೆ ಹತ್ತು ನಿಮಿಷ ಬೇಕು. ಹತ್ತು ನಿಮಿಷ ಕೊಡದ ಮ್ಯಾನೇಜರ್ ನೂರೆಂಬತ್ತು ರೂಪಾಯಿಗಾಗಿ ಒಬ್ಬರ ಮರ್ಯಾದೆ ತೆಗೆಯುತ್ತಾರೆ ಎಂಬುದು ನನಗೆ ಯಾವತ್ತೂ ಅರ್ಥವಾಗದ ಸಂಗತಿ.

ಅಂಕಿ ಮಾತಾಡದಿದ್ದರೆ ಕ್ಯಾಮೆರಾ ಇದೆ. ಸಂಗ್ರಹ ತುಂಬಿದ ಹಾಗೆ ಹಳೆಯ ದೃಶ್ಯಗಳು ತಾವಾಗಿಯೇ ಅಳಿದುಹೋಗುವುದರಿಂದ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ದೃಶ್ಯವನ್ನು ತೆಗೆದಿರಿಸಬೇಕೆಂದು ಅದೇ ರಾತ್ರಿ ಲಿಖಿತವಾಗಿ ಕೇಳಿ. ವಾಟ್ಸ್‌ಆ್ಯಪ್ ಸಂದೇಶವೂ ಆಗಬಹುದು. ದೃಶ್ಯ ನೋಡಿ ಎಂದು ಕೇಳಿದವರೇ ನೀವು ಎಂಬುದು ದಾಖಲಾಗುವುದು ಮುಖ್ಯ.

ಕೈಯಿಂದ ಹಾಕಬೇಡಿ, ಹೆಚ್ಚು ಬಂದದ್ದನ್ನು ತೆಗೆಯಲೂ ಬೇಡಿ

ಇಡೀ ಮಾರ್ಗದರ್ಶಿಯಲ್ಲಿ ಪಾಲಿಸಲು ಅತ್ಯಂತ ಕಷ್ಟವಾದದ್ದು ಇದು. ಮೂವತ್ತು ರೂಪಾಯಿಗೆ ಜಗಳ ಯಾಕೆ ಎಂದು ಹಣ ಹಾಕಿ ಮುಗಿಸಿದರೆ ಆ ರಾತ್ರಿ ನೆಮ್ಮದಿಯಾಗುತ್ತದೆ ನಿಜ. ಆದರೆ ದಾಖಲೆಯಲ್ಲಿ ಆ ದಿನ ಕೊರತೆಯೇ ಇರಲಿಲ್ಲ ಎಂದಾಗುತ್ತದೆ, ಆದ್ದರಿಂದ ಕಾರಣವನ್ನು ಯಾರೂ ಹುಡುಕುವುದಿಲ್ಲ, ಯಂತ್ರದ ದೋಷವೋ ಪಕ್ಕದವರ ಕೈವಾಡವೋ ಇದ್ದರೆ ಹಾಗೆಯೇ ಮುಂದುವರಿಯುತ್ತದೆ. ಒಮ್ಮೆ ಹಾಕಿದವರು ಪ್ರತಿ ಸಲ ಹಾಕಬೇಕೆಂಬುದೇ ನಿಯಮವಾಗಿಬಿಡುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ತಿಂಗಳುಗಟ್ಟಲೆ ಹೀಗೆ ಸದ್ದಿಲ್ಲದೆ ಹಣ ತುಂಬಿಸುತ್ತಿದ್ದ ಹುಡುಗಿಯೊಬ್ಬಳು, ಒಂದು ದಿನ ದೊಡ್ಡ ಕೊರತೆ ಬಂದಾಗ ‘ಇಷ್ಟು ದಿನ ಸರಿಯಿತ್ತಲ್ಲ, ಇವತ್ತು ಮಾತ್ರ ಹೇಗೆ?’ ಎಂಬ ಪ್ರಶ್ನೆಗೆ ಉತ್ತರಿಸಲಾಗದೆ ನಿಂತದ್ದನ್ನು ಕಂಡಿದ್ದೇನೆ. ಅವಳ ಪ್ರಾಮಾಣಿಕತೆಯೇ ಅವಳ ಪುರಾವೆಯನ್ನು ಅಳಿಸಿಹಾಕಿತ್ತು.

ಹೆಚ್ಚು ಬಂದ ಹಣವನ್ನೂ ಅಷ್ಟೇ ಕಟ್ಟುನಿಟ್ಟಾಗಿ ದಾಖಲಿಸಿ. ನಾಳೆಯ ಕೊರತೆಗೆಂದು ತೆಗೆದಿಟ್ಟ ಇಪ್ಪತ್ತು ರೂಪಾಯಿ ಕ್ಯಾಮೆರಾದಲ್ಲಿ ಕಳ್ಳತನದಂತೆಯೇ ಕಾಣುತ್ತದೆ. ಪ್ರಾಮಾಣಿಕ ತಪ್ಪುಗಳು ಎರಡೂ ದಿಕ್ಕಿಗೆ ಬೀಳುತ್ತವೆ, ನಿಮ್ಮ ಕಿರುಪುಸ್ತಕದಲ್ಲಿ ಕಡಿಮೆಯ ಜೊತೆಗೆ ಹೆಚ್ಚುವರಿಯೂ ಕಾಣುತ್ತಿದ್ದರೆ ಅದು ನಿಮ್ಮ ಪರವಾದ ಸಾಕ್ಷ್ಯ. ಆದರೂ ಎರಡೂ ಸರಿಸಮವಾಗಿರಬೇಕೆಂದು ನಿರೀಕ್ಷಿಸಬೇಡಿ. ಚಿಲ್ಲರೆ ಕಡಿಮೆ ಸಿಕ್ಕ ಗ್ರಾಹಕರು ತಿರುಗಿ ಬಂದು ಕೇಳುತ್ತಾರೆ, ಹೆಚ್ಚು ಸಿಕ್ಕವರಲ್ಲಿ ಎಲ್ಲರೂ ತಿರುಗಿ ಬರುವುದಿಲ್ಲ. ಹಾಗಾಗಿ ಯಾವ ದೋಷವೂ ಇಲ್ಲದ ಕೈಯ ಲೆಕ್ಕವೂ ಸ್ವಲ್ಪ ಕೊರತೆಯ ಕಡೆಗೇ ವಾಲುತ್ತದೆ. ಎಷ್ಟು ರೂಪಾಯಿಯವರೆಗಿನ ವ್ಯತ್ಯಾಸವನ್ನು ಅಂಗಡಿ ಸಹಜವೆಂದು ಒಪ್ಪುತ್ತದೆ ಎಂಬುದನ್ನು ಬರಹದಲ್ಲಿ ನಿಗದಿ ಮಾಡಿಸಿಕೊಳ್ಳಲು ಸಿಬ್ಬಂದಿಯೆಲ್ಲ ಸೇರಿ ಕೇಳುವುದು ಉತ್ತಮ.

ಖೋಟಾನೋಟು ಮತ್ತು ಹರಿದ ನೋಟುಗಳ ಪ್ರಶ್ನೆ ಬೇರೆ. ಖೋಟಾನೋಟನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಂಡು ಸ್ವೀಕೃತಿ ಪತ್ರ ಕೊಡುತ್ತದೆ, ಬದಲಿ ಹಣ ಕೊಡುವುದಿಲ್ಲ. ಆ ನಷ್ಟವನ್ನು ನಿಮ್ಮ ಮೇಲೆ ಹಾಕುವ ಮುನ್ನ ನೋಟು ಪರೀಕ್ಷಿಸುವ ದೀಪವನ್ನೋ ಯಂತ್ರವನ್ನೋ ಅಂಗಡಿ ಕೊಟ್ಟಿತ್ತೇ ಎಂದು ಕೇಳುವ ಹಕ್ಕು ನಿಮಗಿದೆ. ಹರಿದ ನೋಟು ಮಾತ್ರ ಪೂರ್ತಿ ನಷ್ಟವಲ್ಲ: 50 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನೋಟುಗಳಲ್ಲಿ ಒಂದೇ ತುಂಡಾಗಿ ಶೇ. 80ಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಬ್ಯಾಂಕಿನಲ್ಲಿ ಪೂರ್ಣ ಮೌಲ್ಯ, ಶೇ. 40ರಿಂದ 80ರಷ್ಟಿದ್ದರೆ ಅರ್ಧ ಮೌಲ್ಯ ಸಿಗುತ್ತದೆ.

ಬರೆದುಕೊಡಿ ಎಂದಾಗ ಏನು ಬರೆಯಬೇಕು

ಮೆಮೊ ಬಂದರೆ ಹೆದರಬೇಡಿ. ಲಿಖಿತ ಮೆಮೊ ಬಾಯಿಮಾತಿನ ಬೈಗುಳಕ್ಕಿಂತ ನಿಮಗೆ ಒಳ್ಳೆಯದು, ಏಕೆಂದರೆ ಅದಕ್ಕೆ ಲಿಖಿತವಾಗಿ ಉತ್ತರಿಸಬಹುದು. ಉತ್ತರದಲ್ಲಿ ಕ್ಷಮಾಪಣೆಯೂ ಬೇಡ, ಸಿಟ್ಟೂ ಬೇಡ. ಈ ಮಾದರಿ ಸಾಕು:

‘ಮಾನ್ಯರೇ, ದಿನಾಂಕ ... ರಂದು ಕೌಂಟರ್ ಸಂಖ್ಯೆ 3ರಲ್ಲಿ 180 ರೂಪಾಯಿಯ ವ್ಯತ್ಯಾಸ ಕಂಡುಬಂದಿರುವುದು ಎಣಿಕೆಯ ಹಾಳೆಯಿಂದ ತಿಳಿದಿದೆ. ಅದರ ಕಾರಣ ನನಗೆ ಗೊತ್ತಿಲ್ಲ. ಅಂದು ಮಧ್ಯಾಹ್ನ 1.30ರಿಂದ 2.10ರವರೆಗೆ ಊಟದ ವಿರಾಮದಲ್ಲಿ ಬೇರೆ ಸಿಬ್ಬಂದಿ ಅದೇ ಗಲ್ಲಾದಲ್ಲಿ ಕೆಲಸ ಮಾಡಿದ್ದಾರೆ, ಕೈ ಬದಲಾದಾಗ ಎಣಿಕೆ ನಡೆದಿಲ್ಲ. ಆ ದಿನದ ರಿಟರ್ನ್ ಬಿಲ್ಲುಗಳು, ಖರ್ಚಿನ ಚೀಟಿಗಳು, ಯುಪಿಐ ಪಾವತಿಗಳ ಪಟ್ಟಿ ಮತ್ತು ಕ್ಯಾಮೆರಾ ದೃಶ್ಯವನ್ನು ನನ್ನ ಸಮ್ಮುಖದಲ್ಲಿ ಪರಿಶೀಲಿಸಬೇಕೆಂದು ಕೋರುತ್ತೇನೆ.’

ಇದರ ಒಂದು ಪ್ರತಿಯ ಮೇಲೆ ಸ್ವೀಕರಿಸಿದವರ ಸಹಿ ಪಡೆಯಿರಿ. ಸಹಿ ಮಾಡದಿದ್ದರೆ ಅದನ್ನೇ ಇಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿ. ‘ನಷ್ಟವನ್ನು ಭರಿಸುತ್ತೇನೆ’, ‘ನನ್ನ ತಪ್ಪಿನಿಂದ ಆಗಿದೆ’, ‘ನಾನೇ ತೆಗೆದಿದ್ದೇನೆ’ ಎಂಬಂಥ ವಾಕ್ಯಗಳನ್ನು ಬೇಗ ಮನೆಗೆ ಹೋಗಬಹುದೆಂಬ ಆಸೆಯಿಂದ ಎಂದಿಗೂ ಬರೆಯಬೇಡಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಮಾಡುವ ಮಾತೇ ಇಲ್ಲ.

ಸಂಬಳದಿಂದ ಹಿಡಿದುಕೊಂಡರೆ

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಸ್ಪಷ್ಟವಾಗಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ತತ್ತ್ವವನ್ನೇ, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಸಂಹಿತೆಯ 18ನೇ ಕಲಮಿನ ಪ್ರಕಾರ, ಲೆಕ್ಕ ಒಪ್ಪಿಸಬೇಕಾದ ಹಣ ನಷ್ಟವಾದಾಗ ಸಂಬಳದಿಂದ ಕಡಿತ ಮಾಡಬಹುದು, ಆದರೆ ಆ ನಷ್ಟ ನೇರವಾಗಿ ಆ ನೌಕರರ ನಿರ್ಲಕ್ಷ್ಯ ಅಥವಾ ಲೋಪದಿಂದಲೇ ಆಗಿರಬೇಕು. 21ನೇ ಕಲಮು ಇನ್ನೂ ಎರಡು ಷರತ್ತುಗಳನ್ನು ಹಾಕುತ್ತದೆ: ಕಡಿತವು ನಷ್ಟದ ಮೊತ್ತವನ್ನು ಮೀರಬಾರದು, ಮತ್ತು ಕಡಿತಕ್ಕೆ ಮೊದಲು ನೌಕರರಿಗೆ ತಮ್ಮ ವಿವರಣೆ ನೀಡುವ ಅವಕಾಶ ಕೊಟ್ಟಿರಬೇಕು. ಯಾವ ತಿಂಗಳಲ್ಲೂ ಎಲ್ಲ ಕಡಿತಗಳ ಮೊತ್ತ ಸಂಬಳದ ಅರ್ಧವನ್ನು ಮೀರುವಂತಿಲ್ಲ.

‘ನೇರವಾಗಿ’ ಎಂಬ ಪದವನ್ನು ಗಮನಿಸಿ. ತಿಂಗಳ ಒಟ್ಟು ಕೊರತೆಯನ್ನು ಎಲ್ಲ ಕ್ಯಾಶಿಯರ್‌ಗಳಿಗೆ ಸಮನಾಗಿ ಹಂಚುವ ಪದ್ಧತಿ ನಮ್ಮ ಕಡೆ ಹಲವು ಅಂಗಡಿಗಳಲ್ಲಿದೆ. ಯಾರಿಂದ ಆಯಿತೆಂದು ಗೊತ್ತಿಲ್ಲ ಎಂಬುದನ್ನು ಆ ಹಂಚಿಕೆಯೇ ಒಪ್ಪಿಕೊಂಡಂತಾಯಿತಲ್ಲವೇ? ಇನ್ನು ಕೆಲವರು 180 ಕೊರತೆಗೆ 500 ‘ಫೈನ್’ ಹಾಕುತ್ತಾರೆ. ನಷ್ಟ ವಸೂಲಿ ಮತ್ತು ದಂಡ ಎರಡೂ ಬೇರೆ. ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ಸೂಚನಾ ಫಲಕದಲ್ಲಿ ತಿಳಿಸಿದ ತಪ್ಪುಗಳಿಗೆ ಮಾತ್ರ ದಂಡ ವಿಧಿಸಬಹುದು, ಅದೂ ಆ ತಿಂಗಳ ಸಂಬಳದ ಶೇ. 3ನ್ನು ಮೀರದಂತೆ. 15,000 ಸಂಬಳದವರಿಗೆ ಅದು 450 ರೂಪಾಯಿ. ದಂಡವನ್ನು ಕಂತುಗಳಲ್ಲಿ ವಸೂಲು ಮಾಡುವಂತಿಲ್ಲ, 90 ದಿನ ಕಳೆದ ಮೇಲೂ ವಸೂಲು ಮಾಡುವಂತಿಲ್ಲ.

ಕಡಿತವಾದರೆ ಮೊದಲು ಸಂಬಳದ ಚೀಟಿಯಲ್ಲಿ ಅದು ಯಾವ ಹೆಸರಿನಲ್ಲಿ ಬಂದಿದೆ ನೋಡಿ, ಅನಂತರ ಆಧಾರ ಕೇಳಿ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಎಣಿಕೆಯ ಹಾಳೆ, ಮೆಮೊ, ಉತ್ತರ, ಸಂಬಳದ ಚೀಟಿ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳೊಂದಿಗೆ ದೂರು ಕೊಡಿ. ಸಂಹಿತೆಯ ಪ್ರಕಾರ 3 ವರ್ಷದೊಳಗೆ ಹಕ್ಕು ಮಂಡಿಸಬಹುದು, ಅಕ್ರಮ ಕಡಿತಕ್ಕೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಆ ಹಕ್ಕನ್ನು ವಿಚಾರಿಸುವ ಪ್ರಾಧಿಕಾರಕ್ಕಿದೆ. ಆದರೆ ಕಾಗದಗಳು ಮೂರು ವರ್ಷ ಉಳಿಯುವುದಿಲ್ಲ, ಬೇಗ ಹೋಗಿ. ನೇಮಕಾತಿ ಪತ್ರವೇ ಇಲ್ಲದವರು ಇಲ್ಲೇ ತೊಡಕಿಗೆ ಸಿಲುಕುತ್ತಾರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಸೇರಿದ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು, ಅದನ್ನು ಕೊರತೆ ಬರುವ ಮೊದಲೇ ಕೇಳಿ ಪಡೆಯಿರಿ.

ಕಳ್ಳತನದ ಮಾತು ಬಂದಾಗ

ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ತೆಗೆದುಹಾಕಲು ಸಕಾರಣ ಮತ್ತು ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲಿಗೆ ಸಂಬಳ ಬೇಕೆಂದು ಅದೇ 1961ರ ಕಾಯ್ದೆಯ 39ನೇ ಕಲಮು ಹೇಳುತ್ತದೆ. ದುರ್ನಡತೆಯ ಆರೋಪದ ಮೇಲೆ ಮುನ್ಸೂಚನೆಯಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ‘ನಾಳೆಯಿಂದ ಬರಬೇಡ’ ಎಂಬ ಒಂದು ವಾಕ್ಯ ವಿಚಾರಣೆಯಾಗದು.

ಪೊಲೀಸರಿಗೆ ಕೊಡುತ್ತೇವೆ ಎಂಬ ಬೆದರಿಕೆಯೇ ಹೆಚ್ಚಿನವರಿಂದ ತಪ್ಪೊಪ್ಪಿಗೆ ಬರೆಸುವ ಆಯುಧ. ನೌಕರರಿಂದ ಆಗುವ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಗಂಭೀರ ಶಿಕ್ಷೆಯಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಅಪರಾಧದ ತಿರುಳು ಅಪ್ರಾಮಾಣಿಕ ಉದ್ದೇಶ. ಎಣಿಕೆಯಲ್ಲಾದ ತಪ್ಪು ಆ ಅಪರಾಧವಲ್ಲ. ಹಿಂದಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರೆ, ಅಕ್ರಮವಾಗಿ ಕೂಡಿಹಾಕುವುದು ಸ್ವತಃ ಅಪರಾಧವೆಂದು ನೆನಪಿಸಿ, ಮನೆಯವರಿಗೆ ಕರೆ ಮಾಡಿ, ಅಗತ್ಯ ಬಿದ್ದರೆ 112ಕ್ಕೆ ಕರೆ ಮಾಡಿ. ಚೀಲ ತೋರಿಸಲು ಅಡ್ಡಿಯಿಲ್ಲದಿದ್ದರೆ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ನೀವೇ ತೆರೆದು ತೋರಿಸಿ, ಮೈಮುಟ್ಟಿ ಹುಡುಕಲು ಒಪ್ಪಬೇಡಿ.

ವಕೀಲರಿಗೆ ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಂಗಳೂರು ಮತ್ತು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಲ್ಲಿ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಕೆಲಸ ಬಿಡುವ ದಿನ

ಬಿಟ್ಟು ಹೋದವರ ತಲೆಗೆ ಹಳೆಯ ಕೊರತೆಗಳನ್ನೆಲ್ಲ ಕಟ್ಟುವುದು ಸುಲಭ, ಏಕೆಂದರೆ ಉತ್ತರಿಸಲು ಅವರು ಅಲ್ಲಿರುವುದಿಲ್ಲ. ಕೊನೆಯ ದಿನ ಗಲ್ಲಾವನ್ನು ಎಂದಿನಂತೆ ಇಬ್ಬರ ಎದುರಿನಲ್ಲಿ ಎಣಿಸಿ ಒಪ್ಪಿಸಿ, ‘ಬಾಕಿ ಏನೂ ಇಲ್ಲ’ ಎಂದೋ, ವ್ಯತ್ಯಾಸವಿದ್ದರೆ ಅದೆಷ್ಟು ಎಂದೋ ಬರೆಸಿ ಸಹಿ ಪಡೆಯಿರಿ. ನಿಮ್ಮ ಹೆಸರಿನ ಪಾಸ್‌ವರ್ಡನ್ನು ನಿಷ್ಕ್ರಿಯಗೊಳಿಸಲು ಅಂದೇ ಇಮೇಲ್ ಕಳುಹಿಸಿ. ರಾಜೀನಾಮೆ ಕೊಟ್ಟವರಿಗೂ ತೆಗೆದುಹಾಕಲ್ಪಟ್ಟವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆಯ 17ನೇ ಕಲಮು ಹೇಳುತ್ತದೆ. ‘ಲೆಕ್ಕ ನೋಡಿ ಮುಂದಿನ ತಿಂಗಳು ಕೊಡುತ್ತೇವೆ’ ಎಂದರೆ ಆ ಕಲಮಿನ ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಿ ಕೇಳಿ, ಮತ್ತು ನಿಮ್ಮ ಕಿರುಪುಸ್ತಕವನ್ನು ಇನ್ನು ಮೂರು ವರ್ಷ ಎಸೆಯಬೇಡಿ.